ಮೂರು ಕ್ಯಾಮೆರಾ, ಒಂದು ಹಾಡು

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅದನ್ನು ಮೊದಲು ನಾನು ಇನ್ನಷ್ಟು ಕೆಡಿಸಬೇಕು, ಆಮೇಲೆಯೇ ರಿಪೇರಿಯವರಿಗೆ ಫೋನು ಹೋಗಬೇಕು ಎಂದು ನನ್ನ ಹೆಂಡತಿ ಬಂದವರೆದುರಿಗೆಲ್ಲ ಹೇಳುತ್ತಿದ್ದಳು. ನಾನೂ ಎಲ್ಲರ ಜೊತೆ ನಗುತ್ತಿದ್ದೆ. ಈಗ ಅವಳು ಆ ಮಾತು ಆಡುವುದಿಲ್ಲ. ಬೇರೆ ಯಾರಾದರೂ ಆಡಿದರೆ ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಮನೆ. ಇರುವವರು ಮೂವರು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮೂರನೆಯವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳಾದ ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ, ಒಬ್ಬಳೇ ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟು ಮದುವೆ ಮಾಡಿದ ಮೇಲೆ, ಅಕ್ಕ ನಮ್ಮಲ್ಲಿಗೆ ಬಂದಳು. ಬಂದ ಮರುದಿನವೇ ಅಡುಗೆಮನೆ ಅವಳದಾಯಿತು. ಬೆಳಿಗ್ಗೆ ತಲೆಮೇಲೆ ನೀರು ಹಾಕಿಕೊಂಡು, ಯಾರೂ ಮುಟ್ಟದಂತೆ ಒಣಹಾಕಿದ ಮಡಿ ಸೀರೆ ಉಟ್ಟು ಒಳಗೆ ಹೋದಳೆಂದರೆ ದೇವರ ನೈವೇದ್ಯ ಆಗುವ ತನಕ ಹೊಸ್ತಿಲು ದಾಟುತ್ತಿರಲಿಲ್ಲ. ನಾವೂ ದಾಟುವಂತಿರಲಿಲ್ಲ. ಕಾಫಿ ಬೇಕಾದರೆ ಹೊಸ್ತಿಲ ಹೊರಗೆ ಲೋಟ ಇಟ್ಟು ನಿಲ್ಲಬೇಕು. ಅವಳು ಮೇಲಿನಿಂದ ಸುರಿಯುತ್ತಾಳೆ. ಎರಡು ಹನಿ ಕಾಲ ಮೇಲೆ ಬಿದ್ದರೆ ಅದು ನಮ್ಮ ತಪ್ಪು.

ಒಳಗಿದ್ದಷ್ಟು ಹೊತ್ತೂ ಅಕ್ಕ ಹಾಡುತ್ತಿದ್ದಳು. ಒಗ್ಗರಣೆಗೆ ಒಂದು, ಬತ್ತಿ ಹೊಸೆಯುವುದಕ್ಕೆ ಒಂದು, ಬೆಣ್ಣೆ ಕಾಯಿಸುವುದಕ್ಕೆ ಒಂದು. ಅವುಗಳಲ್ಲಿ ನಮ್ಮ ಮನೆತನದ್ದೇ ಆದ ಒಂದು ತೊಟ್ಟಿಲ ಹಾಡಿತ್ತು. ಕುರುಗೋಡಿನಲ್ಲಿ ನಮ್ಮ ತಾಯಿಯ ಅಜ್ಜಿ ಕಟ್ಟಿದ್ದು. ಅಳುವ ಮಗುವಿಗೆ ಊರಿನ ಗುಡ್ಡ ತೋರಿಸುತ್ತೇನೆ, ಹಿತ್ತಲ ಕರು ತೋರಿಸುತ್ತೇನೆ, ಸೋರುವ ಗಡಿಗೆ ತೋರಿಸುತ್ತೇನೆ ಎಂದು ರಮಿಸುತ್ತಾ ಹೋಗುವ ಹದಿಮೂರು ನುಡಿ. ನಮ್ಮ ಮನೆಯ ಪ್ರತಿ ಕೂಸನ್ನೂ ಆ ಹಾಡು ಹೇಳಿಯೇ ತೊಟ್ಟಿಲಿಗೆ ಹಾಕಿದ್ದು. ಮಾತುಗಳು ತಾಯಿಯ ಹಳೆಯ ನೋಟುಬುಕ್ಕಿನಲ್ಲಿವೆ. ಧಾಟಿ ಮಾತ್ರ ಎಲ್ಲಿಯೂ ಬರೆದಿಲ್ಲ. ತಾಯಿ ಹೋದ ಮೇಲೆ ಅದು ಅಕ್ಕನ ಗಂಟಲಲ್ಲಿ ಮಾತ್ರ ಇತ್ತು. ನಾನು ಹಾಡಿದರೆ ಮಲಗಿದ ಮಗು ಏಳುತ್ತದೆ.

ಸಿರುಗುಪ್ಪದ ಮಗಳು ಬಸುರಿಯಾದಳು. ಅಂದಿನಿಂದ ಅಕ್ಕನ ಬಾಯಲ್ಲಿ ಒಗ್ಗರಣೆಗೂ ಅದೇ ತೊಟ್ಟಿಲ ಹಾಡು, ಬತ್ತಿಗೂ ಅದೇ. ಮಗಳು ನನಗೆ ಫೋನು ಮಾಡಿ, "ಮಾಮಾ, ಅಮ್ಮನ ಹಾಡು ಒಂದ್ಸಲ ರೆಕಾರ್ಡ್ ಮಾಡಿ ಕಳಸು. ಕೇಳ್ಕೋತ ಕಲೀತೀನಿ" ಅಂದಳು. ನಾನು ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಎದುರಿಗೆ ಫೋನು ಹಿಡಿದೆ. ಅಕ್ಕ ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು, ಒಂದು ನುಡಿ ಹಾಡಿ ನಕ್ಕುಬಿಟ್ಟಳು. ಮತ್ತೆ ಶುರುಮಾಡಿ ಎರಡನೆಯ ನುಡಿಯನ್ನು ನಾಲ್ಕನೆಯದಕ್ಕೆ ಸೇರಿಸಿದಳು. "ಹೋಗೋ, ಈ ಫೋನಿನ ಮುಂದ ನನಗ ಬರೂದಿಲ್ಲ. ಕೂಸು ಬರ್ಲಿ, ಕೂಸಿನ ಮುಂದ ಹಾಡ್ತೀನಿ" ಎಂದು ಎದ್ದು ಹೋದಳು. ಅರೆಬರೆಯಾದ ಆ ರೆಕಾರ್ಡಿಂಗನ್ನು ಅಳಿಸಿದೆ. ನನಗೂ ಅವಸರವೇನಿರಲಿಲ್ಲ.

ಅವಸರ ಬಂದದ್ದು ಆಸ್ಪತ್ರೆಯಲ್ಲಿ. ಅಕ್ಕನ ಕೊರಳಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ನನ್ನೊಬ್ಬನನ್ನೇ ಒಳಗೆ ಕರೆದರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ. "ಚೂಡಂಡಿ, ಗಡ್ಡೆ ತೆಗೀಲೇಬೇಕು. ಬಿಟ್ರ ಜೀವಕ್ಕ ಕಷ್ಟ ಐತಿ. ಆದರ ಅದು ದನಿಯ ನರಕ್ಕ ಅಂಟಿಕೊಂಡೈತಿ. ದನಿ ಉಳಿಯೋದು ನನ್ನ ಕೈಯಾಗ ಇಲ್ರಿ" ಅಂದರು. ಆಪರೇಷನ್ನಿಗೆ ಇಪ್ಪತ್ತು ದಿನದ ಆಚೆಗೆ ತಾರೀಕು ಕೊಟ್ಟರು.

ಹೊರಗೆ ಬಂದಾಗ ಅಕ್ಕ ಪಕ್ಕದವರ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. "ಏನಂದ್ರೋ?" ಅಂದಳು.

"ಏನಿಲ್ಲ. ಸಣ್ಣ ಗಂಟಂತ. ತಗದ್ರ ಆತಂತ."

"ಅಷ್ಟಕ್ಕ ನಿನ್ನ ಮಾರಿ ಯಾಕ ಹಿಂಗಾಗೇದ?"

"ಒಳಗ ಭಾಳ ಸೆಕಿ ಅಕ್ಕಾ" ಅಂದೆ. ಡಾಕ್ಟರ ಕೋಣೆಯಲ್ಲಿ ಏಸಿ ಇತ್ತು.

ನಮ್ಮ ಕಡೆ ರೋಗಿಗೆ ರೋಗ ಹೇಳುವುದಿಲ್ಲ. ನಮ್ಮ ತಂದೆಗೂ ಹೇಳಿರಲಿಲ್ಲ, ಭಾವನಿಗೂ ಹೇಳಿರಲಿಲ್ಲ. ಹೇಳದೇ ಇರುವುದೇ ಪ್ರೀತಿ ಎಂದು ನಾವು ಬೆಳೆದದ್ದು. ಹೆಂಡತಿಗೆ ಹೇಳಿದೆ. ಅವಳು, "ದನಿ ಅವರದು. ಅವರಿಗೆ ಹೇಳದs ಹೆಂಗ?" ಅಂದಳು. "ಹೇಳಿದ್ರ ಇಪ್ಪತ್ತು ದಿನ ಅಳ್ತಾಳ. ಆಪರೇಷನ್ನs ಬ್ಯಾಡ ಅಂತಾಳ" ಎಂದು ನಾನು ಬಾಯಿ ಮುಚ್ಚಿಸಿದೆ. ಸಿರುಗುಪ್ಪದ ಮಗಳಿಗೂ ಹೇಳಲಿಲ್ಲ. ಏಳು ತಿಂಗಳ ಬಸುರಿಗೆ ಅಂಥದ್ದನ್ನು ಯಾರು ಹೇಳುತ್ತಾರೆ?

ಆಗ ನನ್ನ ಕಣ್ಣು ಬಿದ್ದದ್ದು ಕ್ಯಾಮೆರಾಗಳ ಮೇಲೆ.

ನಮ್ಮ ಮನೆಗೆ ಆಗಲೇ ಮೂರು ಕ್ಯಾಮೆರಾ ಇದ್ದವು. ಬೀದಿಯಲ್ಲಿ ಒಬ್ಬ ಹೆಂಗಸಿನ ಸರ ಕಿತ್ತುಕೊಂಡು ಹೋದಾಗ ಗೇಟಿಗೆ ಒಂದು ಹಾಕಿಸಿದ್ದೆವು. ತುಳಸಿಕಟ್ಟೆಯ ಪಕ್ಕದ ನೀರಿನ ಮೋಟಾರು ಕಳುವಾದಾಗ ಹಿತ್ತಲಿಗೆ ಒಂದು. ಅಕ್ಕನಿಗೆ ಒಮ್ಮೆ ತಲೆಸುತ್ತಿ ಹಾಲಿನ ಪಾತ್ರೆ ಕರಕಲಾದ ಮೇಲೆ ಅಡುಗೆಮನೆಗೆ ಒಂದು. ನಾವಿಬ್ಬರೂ ಕೆಲಸಕ್ಕೆ ಹೋದಾಗ ಫೋನಿನಲ್ಲಿ ಆಗಾಗ ಇಣುಕುತ್ತಿದ್ದೆವು. ಅಡುಗೆಮನೆಯ ಕ್ಯಾಮೆರಾ ಒಳಗೆ ಹೋಗುವ ಹಾಗಿರಲಿಲ್ಲ. ಬಾಗಿಲ ಚೌಕಟ್ಟಿನ ಹೊರಗೆ ನಿಂತು ಒಳಗೆ ನೋಡುತ್ತಿತ್ತು, ನಮ್ಮ ಹಾಗೆಯೇ. ಮೂರೂ ಬಂದು ಸೇರುವುದು ನಡುಮನೆಯಲ್ಲಿದ್ದ ನನ್ನ ಹಳೆಯ ಕಂಪ್ಯೂಟರಿಗೆ. ಚಿತ್ರ ಮಾತ್ರ ದಾಖಲಾಗುತ್ತಿತ್ತು, ಸದ್ದು ನಮಗೆ ಬೇಕಿರಲಿಲ್ಲ.

ಈಗ ಸದ್ದೇ ಬೇಕಾಯಿತು. ಅಕ್ಕನಿಗೆ ಗೊತ್ತಾಗದ ಹಾಗೆ ಇಪ್ಪತ್ತು ದಿನದ ಸದ್ದೆಲ್ಲ ಹಿಡಿದಿಟ್ಟರೆ, ಅದರಲ್ಲಿ ತೊಟ್ಟಿಲ ಹಾಡು ನೂರು ಸಲ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಕಂಪ್ಯೂಟರಿನ ಪರದೆಯ ಮೇಲೆ ಮೂರು ಚೌಕ, ಪ್ರತಿ ಚೌಕದ ಮೂಲೆಯಲ್ಲೊಂದು ಸ್ಪೀಕರಿನ ಗುರುತು. ನಾವು ಒಮ್ಮೆಗೆ ಒಂದರ ಸದ್ದನ್ನು ಮಾತ್ರ ಕೇಳಬಹುದು. ಆದರೆ ದಾಖಲು ಮಾಡುವುದಕ್ಕೆ ಮೂರಕ್ಕೂ ಬೇರೆ ಬೇರೆಯಾಗಿ ಟಿಕ್ ಹಾಕಬೇಕು. ಇಷ್ಟು ಕಂಡುಹಿಡಿಯುವುದಕ್ಕೆ ನನಗೆ ಎರಡು ಸಂಜೆ ಬೇಕಾದವು. ಜಾಗ ಸಾಲದೆಂದು ನಮ್ಮ ತಿರುಪತಿ ಪ್ರವಾಸದ ಫೋಟೊಗಳನ್ನೆಲ್ಲ ಅಳಿಸಿದೆ. ಹೆಂಡತಿಗೆ ಅದನ್ನು ಇವತ್ತಿಗೂ ಹೇಳಿಲ್ಲ.

ಗೇಟಿನ ಕ್ಯಾಮೆರಾಕ್ಕೂ ಹಿತ್ತಲಿನದಕ್ಕೂ ಮೈಕು ಒಳಗೇ ಇತ್ತು. ಮುಖ್ಯವಾದ ಅಡುಗೆಮನೆಯದಕ್ಕೆ ಇರಲಿಲ್ಲ. ಅದಕ್ಕೆ ಬೇರೆ ಮೈಕು ಹಾಕಬೇಕು, ಅದೂ ಒಲೆಯ ಹತ್ತಿರವೇ ಎಂದು ಕ್ಯಾಮೆರಾ ಹಾಕಿಕೊಟ್ಟಿದ್ದ ಬ್ರೂಸ್‌ಪೇಟೆಯ ಮೆಕ್ಯಾನಿಕ್ ಹೇಳಿದ. ನನ್ನ ವಯಸ್ಸಿನವನೇ, ಬಹಳ ಮರ್ಯಾದೆಯ ಮನುಷ್ಯ. ಬೆಳಿಗ್ಗೆಯೇ ಬಂದ. ಅಕ್ಕ ಒಳಗೆ ಹೋಗಿ ಆಗಿತ್ತು. ಅವನು ಹೊಸ್ತಿಲ ಹತ್ತಿರ ಹೋಗಿ ತಾನಾಗಿಯೇ ನಿಂತ.

"ನಾ ಬರಾಕ ಆಗಂಗಿಲ್ಲಲ್ರಿ ಸಾರ್. ಹಿತ್ತಲ ಕಡಿಂದ ಗವಾಕ್ಷಿಯಾಗ ವೈರು ಬಿಡ್ತೀನಿ. ನೀವು ಸ್ನಾನ ಮಾಡಿ ಒಳಗ ಹೋಗಿ ಮೊಳಿಗೆ ತೂಗಹಾಕ್ರಿ" ಅಂದ. ನನಗೆ ನಾಚಿಕೆಯಾಯಿತು. ಆದರೂ ಬರ್ರಿ ಎನ್ನಲಿಲ್ಲ, ಸ್ನಾನಕ್ಕೆ ಹೋದೆ.

ಮಡಿ ಪಂಚೆ ಉಟ್ಟು ಒಳಗೆ ಹೋದೆ. ಗವಾಕ್ಷಿಯಿಂದ ಕರೀ ವೈರು ಇಳಿದಿತ್ತು, ತುದಿಯಲ್ಲಿ ಹುಣಸೆಬೀಜದಷ್ಟು ಮೈಕು. ಒಲೆಯ ಮೇಲಿನ ಮೊಳೆಗೆ ಸುತ್ತಿದೆ. ಅಕ್ಕ ಬೇಳೆ ಕಡೆಯುವುದನ್ನು ನಿಲ್ಲಿಸಿ, "ಏನದು?" ಅಂದಳು.

"ಕ್ಯಾಮೆರಾದ ವೈರು ಅಷ್ಟs."

ಸದ್ದು ಬರುತ್ತದೆಯೋ ನೋಡಲು ನಾನು ಸುಮ್ಮನೆ ಎರಡು ಸಲ ಕೆಮ್ಮಿದೆ. ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ನಿಂತಿದ್ದ ಮೆಕ್ಯಾನಿಕ್ ಹೆಬ್ಬೆರಳು ಎತ್ತಿ ತೋರಿಸಿದ. ಅವನಿಗೆ ಕಾಫಿ ಕೊಟ್ಟು ಗೇಟಿನ ತನಕ ಬಿಟ್ಟು ಬಂದೆ. ಅಂದು ಕಚೇರಿಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನೇ ಮೊದಲು ನಮಸ್ಕಾರ ಮಾಡಿದೆನಂತೆ. ಅಷ್ಟು ಹಿಗ್ಗಿದ್ದೆ.

ಮರುದಿನ ಬೆಳಿಗ್ಗೆ ಪರೀಕ್ಷೆ ಮಾಡಿದೆ. ಅಕ್ಕನಿಗೆ ತನ್ನ ದನಿಯೇ ತಿರುಗಿ ಕೇಳಬಾರದೆಂದು ಸ್ಪೀಕರನ್ನು ಸಣ್ಣಗೆ ಇಟ್ಟು, ಅಡುಗೆಮನೆಯ ಚೌಕದ ಗುರುತು ಒತ್ತಿದೆ. ಪರದೆಯಲ್ಲಿ ಅಕ್ಕ ಸೌಟು ತಿರುವುತ್ತಾ ತೊಟ್ಟಿಲ ಹಾಡು ಹಾಡುತ್ತಿದ್ದಳು. ತುಟಿ ಅಲ್ಲಾಡಿದ ಹಾಗೆ ಸದ್ದು ಬರುತ್ತಿತ್ತು. ಸೋರುವ ಗಡಿಗೆಯ ನುಡಿ ಅಷ್ಟು ಸ್ಪಷ್ಟವಾಗಿ ಕೇಳಿ ನನ್ನ ಕಣ್ಣು ತುಂಬಿತು. ಹೆಂಡತಿಯನ್ನು ಕೈ ಮಾಡಿ ಕರೆದು ತೋರಿಸಿದೆ. ಅವಳೂ ನಿಂತು ಕೇಳಿದಳು. "ಚಲೋ ಬಂದದ" ಅಂದಳು. ಅವಳು ನನ್ನ ಯಂತ್ರದ ಕೆಲಸವನ್ನು ಹೊಗಳಿದ್ದು ಅದೊಂದೇ ಸಲ.

ಆಮೇಲೆ ನಾನು ಸದ್ದು ಹಾಕಿ ನೋಡಲೇ ಇಲ್ಲ. ಹಾಕಿದರೆ ಅಕ್ಕನಿಗೆ ಕೇಳಿಸುತ್ತದೆ, ಗುಟ್ಟು ರಟ್ಟಾಗುತ್ತದೆ ಎಂಬ ಹೆದರಿಕೆ. ಇಯರ್‌ಫೋನು ಸಿಕ್ಕಿಸಿಕೊಳ್ಳಬಹುದೆಂದು ಆಗ ತಲೆಗೆ ಹೊಳೆಯಲಿಲ್ಲ. ದಿನಾ ಸಂಜೆ ಕಚೇರಿಯಿಂದ ಬಂದು ಫೈಲುಗಳು ಬಿದ್ದಿವೆಯೋ ಎಂದು ಮಾತ್ರ ನೋಡುತ್ತಿದ್ದೆ. ಬೀಳುತ್ತಿದ್ದವು. ಕಂಪ್ಯೂಟರಿನ ಫ್ಯಾನು ಅರಚಿಕೊಳ್ಳುತ್ತಿತ್ತು, ಅದರ ಹೊಟ್ಟೆ ತುಂಬುತ್ತಿತ್ತು. ಆ ಬೇಸಿಗೆ ಬಳ್ಳಾರಿಯಲ್ಲಿ ನೆಲ ಮುಟ್ಟಿದರೆ ಸುಡುತ್ತಿತ್ತು, ಆದರೂ ಅಕ್ಕ ಒಂದು ದಿನವೂ ಹಾಡು ತಪ್ಪಿಸಲಿಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆಯೂ ಹಾಡುತ್ತಲೇ ತುಳಸಿಗೆ ನೀರು ಹಾಕಿದಳು. ಕಾರು ಹತ್ತುವಾಗ ಗೇಟಿನಲ್ಲಿ ನಿಂತು ತರಕಾರಿಯವಳಿಗೆ, "ಎಂಟು ದಿನ ಬರಬ್ಯಾಡ, ಇವರಿಗೆ ಬದನಿಕಾಯಿ ಆರಿಸ್ಲಿಕ್ಕೆ ಬರೂದಿಲ್ಲ" ಎಂದು ಹೇಳಿದಳು.

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆ ಹೋಯಿತು, ಜೀವ ಉಳಿಯಿತು. ನಾಲ್ಕನೆಯ ದಿನ ಅಕ್ಕ ಬಾಯಿ ತೆರೆದು ನನ್ನನ್ನು ಕರೆದಳು. ಬಂದದ್ದು ದನಿಯಲ್ಲ, ಬರೀ ಗಾಳಿ. ಆ ಗಾಳಿಯಲ್ಲೇ ಮಾತಿನ ಆಕಾರ ಇತ್ತು. ಕಿವಿ ಹತ್ತಿರ ತಂದರೆ ತಿಳಿಯುತ್ತಿತ್ತು. ಡಾಕ್ಟರು ಕೆಲವು ತಿಂಗಳು ನೋಡೋಣ ಅಂದರು. ಅವರು ನನ್ನ ಮುಖ ನೋಡದೆ ಹೇಳಿದ್ದರಿಂದಲೇ ನನಗೆ ಗೊತ್ತಾಯಿತು. ಅಕ್ಕ ಮಾತ್ರ ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ನಂಬಿ, ಎಲ್ಲರಿಗೂ ಕೈಸನ್ನೆಯಲ್ಲಿ ಸಮಾಧಾನ ಹೇಳುತ್ತಿದ್ದಳು.

ಮನೆಗೆ ಕರೆತಂದು ಮಲಗಿಸಿದ ಮಧ್ಯಾಹ್ನ ನಾನು ಇಯರ್‌ಫೋನು ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ. ಅಡುಗೆಮನೆಯ ಕೊನೆಯ ದಿನದ ಫೈಲು ತೆಗೆದೆ. ಅಕ್ಕ ಹಾಡುತ್ತಿದ್ದಳು, ಸದ್ದಿರಲಿಲ್ಲ. ಇಯರ್‌ಫೋನು ಸರಿಯಾಗಿ ಕೂತಿಲ್ಲವೆಂದು ಒತ್ತಿದೆ. ಹಿಂದಿನ ದಿನದ್ದು ತೆಗೆದೆ. ಅದರ ಹಿಂದಿನದು. ನನ್ನ ಕಣ್ಣು ತುಂಬಿಸಿದ್ದ ಆ ಪರೀಕ್ಷೆಯ ದಿನದ್ದೂ ತೆಗೆದೆ. ಅದರಲ್ಲೂ ಸದ್ದಿರಲಿಲ್ಲ. ಅಕ್ಕನ ತುಟಿ ಅಲ್ಲಾಡುತ್ತಿತ್ತು, ಸೌಟು ತಿರುಗುತ್ತಿತ್ತು, ಅಷ್ಟೇ.

ಅರ್ಥವಾಗಲು ಬಹಳ ಹೊತ್ತು ಬೇಕಾಯಿತು. ಆ ಬೆಳಿಗ್ಗೆ ನಾವು ಗಂಡಹೆಂಡಿರು ಕೇಳಿದ್ದು ಸ್ಪೀಕರಿನ ಸದ್ದಲ್ಲ. ಹತ್ತು ಹೆಜ್ಜೆಯಾಚೆ, ತೆರೆದ ಬಾಗಿಲಿನಿಂದ ನೇರವಾಗಿ ಬರುತ್ತಿದ್ದ ಅಕ್ಕನ ದನಿ. ಅಕ್ಕ ಪಕ್ಕದಲ್ಲೇ ಹಾಡುತ್ತಿದ್ದರೆ ನಾವು ಅವಳಿಗೆ ಬೆನ್ನು ಮಾಡಿ, ಪರದೆಯನ್ನು ನೋಡುತ್ತಾ, ಎಷ್ಟು ಚೆನ್ನಾಗಿ ಬಂದಿದೆ ಎಂದು ಮೆಚ್ಚಿಕೊಂಡಿದ್ದೆವು. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಇಯರ್‌ಫೋನನ್ನು ಗೋಡೆಗೆ ಒಗೆದೆ.

ಕೊನೆಗೆ ಮೈಕು ಹಾಕಿದ ದಿನದ ಫೈಲು ತೆಗೆದಾಗ ಸದ್ದು ಬಂತು. ಮೊದಲು ಅಕ್ಕನ "ಏನದು?" ನನ್ನ "ವೈರು ಅಷ್ಟs". ಆಮೇಲೆ ನನ್ನ ಕೆಮ್ಮು. ನಾನು ಚಿತ್ರದಿಂದ ಹೊರಗೆ ಹೋದೆ. ಅಕ್ಕ ಮೊಳೆಯ ಮೇಲಿನ ವೈರನ್ನೇ ನೋಡಿದಳು. "ಎಲ್ಲೆಲ್ಲಿ ಬಿದ್ದಿತ್ತೋ, ಯಾರ್ಯಾರು ಮುಟ್ಟಿದ್ದೋ" ಎಂದು ಗೊಣಗಿದಳು. ಆಮೇಲೆ ಮೊಳೆಯಿಂದ ವೈರು ಬಿಡಿಸಿ ಕೆಳಗೆ ಜಗ್ಗಿಕೊಂಡಳು. ಹಿಂದಿನ ವರ್ಷ ಗ್ಯಾಸಿನ ಹೊಸ ಪೈಪನ್ನು ತೊಳೆದ ಹಾಗೆ, ಅಂಗಡಿಯಿಂದ ಬಂದ ಪ್ರತಿ ಡಬ್ಬಿಯನ್ನೂ ತೊಳೆಯುವ ಹಾಗೆ, ಮೈಕನ್ನು ತಂಬಿಗೆಯ ನೀರಿನಲ್ಲಿ ಮೂರು ಸಲ ಅದ್ದಿದಳು. ಮೊದಲನೆಯ ಸಲಕ್ಕೆ ಗುಳುಗುಳು ಎಂದಿತು. ಎರಡನೆಯದಕ್ಕೆ ಏನೂ ಇಲ್ಲ. ಅವಳು ಅದನ್ನು ಒರೆಸಿ ಅಚ್ಚುಕಟ್ಟಾಗಿ ಮತ್ತೆ ಮೊಳೆಗೆ ಸುತ್ತಿದಳು.

ಅವಳನ್ನು ಬೈಯುವುದಕ್ಕಾಗುತ್ತದೆಯೇ? ಬರೀ ವೈರು ಎಂದು ಹೇಳಿದವನು ನಾನು. ವೈರಾಗಿದ್ದರೆ ತೊಳೆದರೂ ಏನೂ ಆಗುತ್ತಿರಲಿಲ್ಲ.

ಉಳಿದ ಎರಡು ಕ್ಯಾಮೆರಾಗಳನ್ನು ಜಾಲಾಡಿದೆ. ಗೇಟಿನದರಲ್ಲಿ ಅಕ್ಕನ ದನಿ ಸೊಗಸಾಗಿ ಬಿದ್ದಿತ್ತು. ಎಲ್ಲವೂ ತರಕಾರಿಯವಳ ಜೊತೆ ಜಗಳ. ಬೆಂಡೆ ಬಲಿತಿದೆ, ಬದನೆ ಹುಳ ಹತ್ತಿದೆ, ಕೊತ್ತಂಬರಿ ಕಟ್ಟು ಚಿಕ್ಕದಾಗಿದೆ. ಹಿತ್ತಲಿನದರಲ್ಲಿ ತುಳಸಿಕಟ್ಟೆಯ ಹಾಡು ಇತ್ತು, ತೊಟ್ಟಿಲ ಹಾಡಿನ ನುಡಿಗಳೂ ಇದ್ದವು. ಆದರೆ ಕಿಟಕಿಯ ಕೂಲರು ಕ್ಯಾಮೆರಾದ ಕೆಳಗೇ ಇತ್ತು. ಆ ಬೇಸಿಗೆಯಲ್ಲಿ ನಾವು ಅದನ್ನು ಒಂದು ಗಳಿಗೆಯೂ ಆರಿಸಿರಲಿಲ್ಲ. ಅದರ ಮೊರೆತದ ಅಡಿಯಲ್ಲಿ ಅಕ್ಕ ಎಲ್ಲೋ ದೂರದಲ್ಲಿ ಇದ್ದಳು, ಧಾಟಿಯ ಏರಿಳಿತ ಕೇಳುತ್ತಿರಲಿಲ್ಲ.

ಆ ಫೈಲುಗಳನ್ನು ಮದುವೆಯ ವಿಡಿಯೊ ಮಾಡುವವನೊಬ್ಬನ ಬಳಿಗೆ ಒಯ್ದೆ. ಅವನು ಎರಡು ದಿನ ಇಟ್ಟುಕೊಂಡು, "ಸಾರ್, ಕೂಲರ್ ತಗದ್ರ ಅಮ್ಮಾರ ದನಿನೂ ಅದರ ಜೊತಿಗೇ ಹೊಂಟ್ಹೋಗ್ತೈತ್ರಿ. ಅಮ್ಮಾರನ್ನ ಉಳಿಸಿದ್ರ ಕೂಲರೂ ಉಳಿತೈತಿ" ಎಂದು ಕೈ ಮುಗಿದು ಕೊಟ್ಟ.

ನನ್ನ ಹೆಂಡತಿಗೆ ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತ ಪಾಠವಾಗಿತ್ತು. ಸದ್ದಿಲ್ಲದ ಚಿತ್ರದ ಮುಂದೆ ನೋಟುಬುಕ್ಕು ಹಿಡಿದು ಕುಳಿತಳು. ಅಕ್ಕನ ತುಟಿಯಿಂದ ಯಾವ ನುಡಿ ಎಂದು ಗುರುತಿಸಿದಳು, ಸೌಟು ತಿರುಗುವುದರಿಂದ ತಾಳ ಕಂಡುಹಿಡಿದಳು. ಎಲ್ಲಿ ಎಳೆಯುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಲ್ಲ ಬರೆದಳು. ಒಂದು ವಾರದ ಮೇಲೆ ಪೆನ್ನು ಕೆಳಗಿಟ್ಟು, "ಎಷ್ಟು ಹೊತ್ತು ಎಳೀತಾರ ಅನ್ನೋದು ಕಾಣಸ್ತದ. ಯಾವ ಸ್ವರ ಅನ್ನೋದು ಎಲ್ಲಿ ಕಾಣಸ್ತದ?" ಅಂದಳು. ಅವಳ ಕಿವಿಯಲ್ಲೂ ಆ ಧಾಟಿ ಉಳಿದಿರಲಿಲ್ಲ. ದಿನಾ ಕೇಳುತ್ತಿದ್ದುದನ್ನು ನಾವಿಬ್ಬರೂ ಗಮನವಿಟ್ಟು ಕೇಳಿರಲೇ ಇಲ್ಲ. ಕಿವಿಯೊಳಗೆ ಏನೋ ಇದೆ ಎನ್ನಿಸುತ್ತದೆ, ಹಾಡಹೋದರೆ ಬೇರೇನೋ ಬರುತ್ತದೆ.

ಒಂದು ಭಾನುವಾರ ಕುರುಗೋಡಿಗೆ ಹೋದೆ. ನಮ್ಮ ತಾಯಿಯ ಕಾಲದವರು ಯಾರಾದರೂ ಇದ್ದಾರೆಯೇ ಎಂದು. ನಾವು ಬೆಳೆದು ಬಿಟ್ಟುಬಂದ ಮನೆಯಲ್ಲಿ ಈಗ ಯಾರೋ ಗೊಬ್ಬರದ ಚೀಲ ಇಟ್ಟಿದ್ದರು. ಅದರ ಹಿಂದಿನ ಮನೆಯ ಒಕ್ಕಲಿಗರ ಅಜ್ಜಿ ಇನ್ನೂ ಇದ್ದಳು. ಗೋಡೆಯ ನೆರಳಿಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನನ್ನ ಗುರುತು ಹಿಡಿದು, ನಾನು ಚಿಕ್ಕಂದಿನಲ್ಲಿ ಅವರ ಎಮ್ಮೆಗೆ ಹೆದರುತ್ತಿದ್ದುದನ್ನು ಮೊಮ್ಮಕ್ಕಳಿಗೆಲ್ಲ ಹೇಳಿ ನಗಿಸಿದಳು. ತೊಟ್ಟಿಲ ಹಾಡು ಅಂದ ಕೂಡಲೇ ಅವಳ ಮುಖ ಅರಳಿತು.

"ಅಯ್ಯ, ಗೊತ್ತಿಲ್ಲದೇನಪ್ಪಾ! ನಿಮ್ಮವ್ವಾರು ಹಾಡಾಕ ಹತ್ತಿದ್ರ ನಾ ಕೆಲಸ ಬಿಟ್ಟು ಈ ಗ್ವಾಡಿಗೆ ಕಿವಿ ಹಚ್ಚಿ ನಿಂದರತಿದ್ದೆ."

ತಡಮಾಡದೆ ಫೋನು ತೆಗೆದು ಹಿಡಿದೆ. ಅಜ್ಜಿಗೆ ಫೋನಿನ ಸಂಕೋಚವಿರಲಿಲ್ಲ. ಕಣ್ಣು ಮುಚ್ಚಿ ಹಾಡಿದಳು. ಮೊದಲ ಸಾಲು, ಗುಡ್ಡದ ಸಾಲು, ಹೌದು ಹೌದು ಎನ್ನಿಸಿತು. ಎರಡನೆಯ ಸಾಲಿನಲ್ಲಿ ಅದು ಬಾಗಿತು, ಮೂರನೆಯದಕ್ಕೆ ಪೂರ್ತಿ ಬೇರೆ ದಾರಿ ಹಿಡಿಯಿತು. ಅಜ್ಜಿಗೂ ಗೊತ್ತಾಗಿ ನಿಲ್ಲಿಸಿದಳು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲಿಯೇ ಜಾರಿತು.

"ನಮ್ಮ ಗದ್ದಿ ನಾಟಿ ಹಾಡಿಗೆ ಹೋಗಿಬಿಡ್ತೈತಿ ನೋಡು. ನಾವು ಒಳಗ ಬರಾಂಗಿದ್ದಿಲ್ಲಲ್ಲಪ್ಪಾ. ಗ್ವಾಡಿ ಆಚಿಂದ ಎಷ್ಟು ಕೇಳಸ್ತಿತ್ತೋ ಅಷ್ಟು. ಒಳಗ ಕುಂತು ಕೇಳಿದ್ರ ಇವತ್ತು ಪೂರಾ ಹಾಡಿಬಿಡ್ತಿದ್ದೆ" ಅಂದಳು. ಅವಳ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ನನಗೇ ತಲೆ ಎತ್ತಿ ಅವಳನ್ನು ನೋಡಲು ಆಗಲಿಲ್ಲ. ಬರುವಾಗ ಒಂದು ಚೀಲ ಹುಣಸೆಹಣ್ಣು ಕಟ್ಟಿಕೊಟ್ಟಳು. ಅಕ್ಕನಿಗೆ ಆ ಹಾಡು ಕೇಳಿಸಿದೆ. ಮೊದಲ ಸಾಲಿಗೆ ನಕ್ಕಳು, ಆಮೇಲೆ ತಲೆ ಅಲ್ಲಾಡಿಸಿದಳು. ತಿದ್ದಲು ಬಾಯಿ ತೆರೆದಳು. ಗಾಳಿ ಬಂತು.

ಆ ಹೊತ್ತಿಗೆ ಸಿರುಗುಪ್ಪದ ಮಗಳು ಹಡೆದಿದ್ದಳು. ಚೊಚ್ಚಲ ಹೆರಿಗೆ ನಮ್ಮಲ್ಲಿ ಆಗಬೇಕಿತ್ತು. ಅಕ್ಕನ ಸ್ಥಿತಿ ನೋಡಿ ಬೀಗರೇ ಮಾಡಿಕೊಂಡರು. ಹೆಣ್ಣು ಕೂಸು. ಮೂರು ತಿಂಗಳು ತುಂಬಿದ ಮೇಲೆ ತೊಟ್ಟಿಲಿಗೆ ಹಾಕುವ ಶಾಸ್ತ್ರ ಇಟ್ಟುಕೊಂಡರು. ಅಷ್ಟು ಕಾದದ್ದು ಅಕ್ಕನ ದನಿ ಅಷ್ಟರಲ್ಲಿ ಬಂದೀತು ಎಂದು. ಬರಲಿಲ್ಲ.

ನಾವು ಮೂವರೂ ಬೆಳಗಿನ ಬಸ್ಸಿಗೆ ಹೋದೆವು. ಅಕ್ಕ ದಾರಿಯುದ್ದಕ್ಕೂ ಕಿಟಕಿಯಾಚೆ ಗದ್ದೆಗಳನ್ನು ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಬೀಗರ ಮನೆಯಲ್ಲಿ ಹೆಂಗಸರು ತುಂಬಿದ್ದರು. ತೊಟ್ಟಿಲಿಗೆ ಸೀರೆ ಹಾಸಿ, ಕೂಸನ್ನು ಅಡಿಯಿಂದ ದಾಟಿಸಿ ಮಲಗಿಸಿದರು. ಈಗ ಹಾಡು. ಎಲ್ಲರೂ ಅಕ್ಕನ ಕಡೆ ನೋಡಿದರು. ಇಷ್ಟು ವರ್ಷ ಆ ಹಾಡಿನ ಬಗ್ಗೆ ಕೇಳಿದ್ದವರು. ಅಕ್ಕ ತೊಟ್ಟಿಲ ಹಗ್ಗ ಹಿಡಿದು ಹಾಡಿದಳು. ಹದಿಮೂರೂ ನುಡಿ ಹಾಡಿದಳು. ಕೋಣೆಯಲ್ಲಿ ಕೇಳಿಸಿದ್ದು ತೊಟ್ಟಿಲಿನ ಕಿರುಗುಟ್ಟುವಿಕೆ ಮಾತ್ರ. ಮಗಳು ಪಕ್ಕದಲ್ಲೇ ನಿಂತು ತಾಯಿಯ ಬಾಯಿಗೆ ಕಿವಿ ಕೊಟ್ಟಿದ್ದಳು. ಅವಳ ಮುಖ ನೋಡಿ ಅವಳಿಗೂ ಏನೂ ಸಿಗಲಿಲ್ಲವೆಂದು ತಿಳಿಯಿತು. ಕೂಸು ಅಳುವುದಕ್ಕೆ ಶುರುಮಾಡಿದಾಗ ಬೀಗಿತ್ತಿ ಬಹಳ ನಯವಾಗಿ, ಎಲ್ಲರಿಗೂ ಬರುವ ಒಂದು ಜೋಗುಳ ಎತ್ತಿಕೊಂಡರು. ಉಳಿದವರು ದನಿಗೂಡಿಸಿದರು. ಅವರ ತಪ್ಪೇನಿದೆ? ಬಾಗಿಲಲ್ಲಿ ನಿಂತಿದ್ದ ನಾನು ಹೊರಗೆ ಬಂದು ಗಂಡಸರ ಜೊತೆ ಜಗಲಿಯಲ್ಲಿ ಕೂತು ಕೋಸಂಬರಿ ತಿಂದೆ. ಏನು ತಿಂದೆ ಎಂದು ನಾಲಿಗೆಗೆ ತಿಳಿಯಲಿಲ್ಲ.

ಊರಿಗೆ ಬಂದ ಮರುದಿನ ಮಧ್ಯಾಹ್ನ ಅಕ್ಕ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಹೆಂಡತಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಳು. ಇನ್ನು ಸುಮ್ಮನಿರಲು ತನ್ನಿಂದಾಗದೆಂದು ಸಿರುಗುಪ್ಪದಿಂದ ಬರುವಾಗ ಬಸ್ಸಿನ ಹೆಂಗಸರ ಸೀಟಿನಲ್ಲೇ ಹೇಳಿದ್ದಳಂತೆ. "ಹಾಕು, ನೋಡ್ತೀನಿ" ಎಂದು ಅಕ್ಕ ಪಿಸುಗುಟ್ಟಿದಳು.

ಹಾಕಿದೆ. ಅಕ್ಕ ತನ್ನನ್ನೇ ನೋಡಿದಳು. ಸೌಟು ತಿರುವುತ್ತಾ, ಬತ್ತಿ ಹೊಸೆಯುತ್ತಾ, ಬೇಳೆ ಆರಿಸುತ್ತಾ ಬಾಯಿ ತೆರೆದು ಮುಚ್ಚುತ್ತಿದ್ದ ಹೆಂಗಸನ್ನು. ಮೈಕು ತೊಳೆದದ್ದನ್ನೂ ತೋರಿಸು ಅಂದಳು. ಬೇಡ ಅಂದೆ. ತೋರಿಸು ಅಂದಳು. ತೋರಿಸಿದೆ. "ಕ್ಯಾಮೆರಾದ ವೈರು ಅಷ್ಟs" ಎಂಬ ನನ್ನ ಮಾತು ಆ ಕೋಣೆಯಲ್ಲಿ ಗಟ್ಟಿಯಾಗಿ ಕೇಳಿಸಿತು. ನೀರಿನ ಗುಳುಗುಳು ಸದ್ದಿಗೆ ಅಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ, ಎರಡಕ್ಕೂ ಈಗ ಸದ್ದಿಲ್ಲ.

ನಾನು ತಪ್ಪಾಯಿತು ಅಕ್ಕಾ ಅಂದೆ. ಮೈಕಿನ ಬಗ್ಗೆ ಹೇಳಬೇಕಿತ್ತು, ಹೇಳಿದ್ದರೆ ನೀನು ತೊಳೆಯುತ್ತಿರಲಿಲ್ಲ, ಹಾಡು ಉಳಿಯುತ್ತಿತ್ತು ಎಂದು ಒಂದೇ ಸಮನೆ ಹೇಳುತ್ತಾ ಹೋದೆ. ಅಕ್ಕ ಕೈ ಎತ್ತಿ ನಿಲ್ಲಿಸಿದಳು. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಕೇಳಿದಳು:

"ದನಿ ಹೋಗ್ತದ ಅಂತ ನಿನಗ ಯಾವಾಗ ಗೊತ್ತಾತು?"

"ಡಾಕ್ಟರು ಒಳಗ ಕರದ ದಿನ."

"ಅಂದ್ರ ಇಪ್ಪತ್ತು ದಿನ ಮೊದಲ."

"ಹೂಂ."

ಅಕ್ಕ ನನ್ನ ತಲೆ ಬಿಡಲಿಲ್ಲ. ಅವಳ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಒಂದೊಂದು ಮಾತಿಗೂ ಅವಳು ಹೊಸದಾಗಿ ಗಾಳಿ ತೆಗೆದುಕೊಳ್ಳಬೇಕಾಗಿತ್ತು.

"ನನಗ ಹೇಳಿದ್ರ, ಮಗಳನ್ನ ಸಿರುಗುಪ್ಪದಿಂದ ಕರಸ್ಕೊಂಡು, ಎದುರಿಗೆ ಕೂಡಿಸ್ಕೊಂಡು ಕಲಿಸ್ತಿದ್ದೆನಲ್ಲೋ. ಹದಿಮೂರು ನುಡಿಗೆ ಇಪ್ಪತ್ತು ದಿನ ಯಾಕ ಬೇಕಿತ್ತು?"